ಹಳದಿ ಹೂವಿನ ನೆಗ್ಗಿಲು: ಒಂದೇ ಗಿಡವೋ, ಬೇರೆ ಬೇರೆಯೋ?

ಗದಗದ ಹತ್ತಿರ ಹೊಲದ ಬದುವಿನಲ್ಲಿ ಸಣ್ಣ ಹೂವಿನ ನೆಗ್ಗಿಲು, ದೊಡ್ಡ ಹೂವಿನ ನೆಗ್ಗಿಲು ಎರಡನ್ನೂ ನೋಡಿದ್ದೀರಿ. ಊರವರು ಇನ್ನೊಂದನ್ನು ತೋರಿಸಿ ಆನೆ ನೆಗ್ಗಿಲು ಅಂದಿದ್ದಾರೆ. ಮೂರೂ ಒಂದೇನಾ ಅನ್ನೋದು ನಿಮ್ಮ ಪ್ರಶ್ನೆ. ನಾನು ಮುಂಡರಗಿ ಕಡೆಯವಳು. ಮಸಾರಿ ಹೊಲದಲ್ಲಿ, ಅಂದರೆ ಕೆಂಪು ಮಣ್ಣಿನ ಹೊಲದಲ್ಲಿ, ಈ ಮುಳ್ಳು ತುಳಿದೇ ಬೆಳೆದವಳು, ಹಾಗಾಗಿ ಇದು ನನಗೆ ತುಂಬಾ ಹತ್ತಿರದ ಗಿಡ.

ಮೊದಲು ಆನೆ ನೆಗ್ಗಿಲನ್ನು ಪಕ್ಕಕ್ಕಿಡಿ. ಹೆಸರು ಒಂದೇ, ಕುಲ ಬೇರೆ. ಅದು ಎಳ್ಳಿನ ಬಳಗದ್ದು. ಹೂ ನೋಡಿದರೆ ಗೊತ್ತಾಗುತ್ತದೆ, ಎಳ್ಳಿನ ಹೂವಿನ ಹಾಗೆ ಕೊಳವೆಯಾಕಾರ. ಎಲೆ ಬಿಡಿಯಾಗಿ, ದಪ್ಪಗೆ, ಅಂಚು ಕಚ್ಚುಕಚ್ಚಾಗಿ ಇರುತ್ತದೆ. ನಮ್ಮ ಆಯಿ ಹೇಳಿಕೊಟ್ಟ ಪರೀಕ್ಷೆ ಇನ್ನೂ ಸುಲಭ: "ನೀರಾಗ ಅದ್ದಿ ತಿರುವಿ ನೋಡವಾ, ಲೋಳಿ ಬಂತಂದ್ರ ಅದು ಆನೆ ನೆಗ್ಗಿಲು." ಹಸಿ ಟೊಂಗೆಯನ್ನು ನೀರಲ್ಲಿ ಸ್ವಲ್ಪ ಹೊತ್ತು ಕಲಕಿದರೆ ಸಾಕು, ನೀರು ಗಟ್ಟಿಯಾಗಿ ಎಳೆ ಎಳೆಯಾಗುತ್ತದೆ.

ಉಳಿದೆರಡು ನಿಜವಾದ ನೆಗ್ಗಿಲು. ನೆಲಕ್ಕೆ ಅಂಟಿ ಹಬ್ಬುತ್ತವೆ. ಎಲೆ ಹುಣಸೆ ಎಲೆಯ ಹಾಗೆ. ಎದುರುಬದುರಿನ ಎಲೆಗಳಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು. ಐದು ಎಸಳು, ಸಾಮಾನ್ಯವಾಗಿ 10 ಕೇಸರ. ಬೆಳಿಗ್ಗೆ ಹೋಗಿ, ಮಧ್ಯಾಹ್ನದ ಮೇಲೆ ಎಸಳು ಉದುರಿರುತ್ತವೆ.

ಸಣ್ಣದರ ಹೂ ಒಂದು ಸೆಂಟಿಮೀಟರ್ ಆಸುಪಾಸು, ತೊಟ್ಟು ಎಲೆಗಿಂತ ಗಿಡ್ಡ. ದೊಡ್ಡದರ ಹೂ ಅದರ ಎರಡರಷ್ಟು ಇದ್ದೀತು. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲೇ ಇವೆರಡಕ್ಕೂ ಬೇರೆ ಬೇರೆ ಹೆಸರಿಟ್ಟ: ಟ್ರಿಬ್ಯುಲಸ್ ಟೆರೆಸ್ಟ್ರಿಸ್, ಟ್ರಿಬ್ಯುಲಸ್ ಲಾನುಜಿನೋಸಸ್. ಎರಡನೆಯ ಹೆಸರಿಗೆ ಉಣ್ಣೆಯಂಥದ್ದು ಅಂತ ಅರ್ಥ. ಆದರೆ ರೋಮ ನಂಬಬೇಡಿ, ಸಣ್ಣ ನೆಗ್ಗಿಲಿಗೂ ರೋಮ ಇರುತ್ತದೆ. ಇವು ಎರಡು ಜಾತಿ ಅನ್ನುವವರೂ ಇದ್ದಾರೆ, ಒಂದೇ ಜಾತಿಯೊಳಗಿನ ಗಾತ್ರದ ಹೆಚ್ಚು-ಕಡಿಮೆ ಅನ್ನುವವರೂ ಇದ್ದಾರೆ. ನಾನಂತೂ ಒಂದೇ ಹೂ ನೋಡಿ ತೀರ್ಮಾನ ಮಾಡುವುದಿಲ್ಲ. ಹತ್ತು ಬಳ್ಳಿಯ ಹೂ ಅಳೆಯುತ್ತೇನೆ. ನಡುವಿನ ಅಳತೆಯವು ಜಾಸ್ತಿ ಸಿಕ್ಕರೆ ಬರೀ "ನೆಗ್ಗಿಲು" ಅಂತ ಬರೆದು ಬಿಡುತ್ತೇನೆ.

ಕಾಯಿಯನ್ನು ಮಾತ್ರ ತಪ್ಪದೆ ನೋಡಿ. ಸಣ್ಣ ನೆಗ್ಗಿಲಿನ ಕಾಯಿ ಒಣಗಿದಾಗ ಐದು ಹೋಳಾಗುತ್ತದೆ. ಪ್ರತಿ ಹೋಳಿಗೆ ಸಾಮಾನ್ಯವಾಗಿ ಎರಡು ಉದ್ದ ಮುಳ್ಳು, ಎರಡು ಗಿಡ್ಡ ಮುಳ್ಳು. ಸೈಕಲ್ ಪಂಕ್ಚರ್ ಮಾಡೋದು ಇವೇ. ಆನೆ ನೆಗ್ಗಿಲಿನ ಕಾಯಿ ಹೀಗೆ ಒಡೆಯುವುದಿಲ್ಲ, ನಾಲ್ಕು ಮೂಲೆಗೆ ನಾಲ್ಕು ಮುಳ್ಳು ಅಷ್ಟೇ. ಥಾರ್ ಮರುಭೂಮಿಯ ಕಡೆ ಮುಳ್ಳಿನ ಬದಲು ರೆಕ್ಕೆಯಿರುವ ನೆಗ್ಗಿಲೂ ಇದೆ. ಅಲ್ಲಿನ ಫೋಟೊ ನೋಡಿ ನಮ್ಮದಕ್ಕೆ ಹೆಸರಿಡಲು ಹೋಗಬೇಡಿ.

ಮುಂದಿನ ಸಲ ಹೂ ಮೇಲಿನಿಂದ, ತೊಟ್ಟು ಪಕ್ಕದಿಂದ, ಒಣಗಿದ ಕಾಯಿ ಅಂಗೈಯಲ್ಲಿಟ್ಟು, ಹೀಗೆ ಮೂರು ಫೋಟೊ ತೆಗೆದು ಹಾಕಿ. ಪಕ್ಕದಲ್ಲಿ ಒಂದು ಸ್ಕೇಲ್ ಇರಲಿ. ನೋಡಿ ಹೇಳುತ್ತೇನೆ.