ಲೋಳೆಯ ಕಾಲನಿಯೆಲ್ಲ ಪಿಎಚ್‌ಬಿ ಅಲ್ಲ

ಪ್ರಶ್ನೆ: ನಮ್ಮದು ಸೋಮವಾರಪೇಟೆ ಸಮೀಪ ಕಾಫಿ ತೋಟ. ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ ಜೈವಿಕ ಪ್ಲಾಸ್ಟಿಕ್ ಆದ ಪಿಎಚ್‌ಬಿ ತಯಾರಿಸುವ ಬ್ಯಾಕ್ಟೀರಿಯಾಗಳನ್ನು ಹುಡುಕುತ್ತಿದ್ದೇನೆ. ಹಾಲುವಾಣದ ಬೇರುಗಂಟುಗಳಿಂದ ಲೋಳೆಯಂಥ ಕಾಲನಿಗಳು ಬಂದಿವೆ. ಇವು ಪಿಎಚ್‌ಬಿ ತಯಾರಿಸುತ್ತಿವೆ ಎನ್ನಬಹುದೇ? ತೋಟದಲ್ಲಿ ಮಣ್ಣನ್ನು ಎಲ್ಲಿಂದ ತೆಗೆಯಲಿ?

ಉತ್ತರ: ಲೋಳೆಯನ್ನು ನೋಡಿ ಹಾಗೆ ಹೇಳಲಾಗದು. ಲೋಳೆಯು ಬ್ಯಾಕ್ಟೀರಿಯಾ ತನ್ನ ಕೋಶದ ಹೊರಗೆ ಸ್ರವಿಸುವ ಪಾಲಿಸ್ಯಾಕರೈಡ್, ಅಂದರೆ ಸಕ್ಕರೆ ಅಣುಗಳ ಉದ್ದ ಸರಪಳಿ. ಪಿಎಚ್‌ಬಿ ಕೋಶದೊಳಗೆ ಸಣ್ಣ ಕಣಗಳಾಗಿ ಕೂಡಿಡುವ ಪಾಲಿಯೆಸ್ಟರ್. ಆದರೂ ಆ ತಟ್ಟೆಗಳನ್ನು ಎಸೆಯಬೇಡಿ, ಏಕೆಂದರೆ ಬೇರುಗಂಟಿನ ರೈಜೋಬಿಯಂ ಗುಂಪಿನ ಹಲವು ತಳಿಗಳು ಇವೆರಡನ್ನೂ ತಯಾರಿಸುತ್ತವೆ.

1926ರಲ್ಲಿ ಫ್ರಾನ್ಸಿನ ವಿಜ್ಞಾನಿ ಮಾರಿಸ್ ಲೆಮ್ವಾನ್ಯ್ ಬ್ಯಾಸಿಲಸ್ ಮೆಗಟೇರಿಯಂ ಎಂಬ ಬ್ಯಾಕ್ಟೀರಿಯಾದಲ್ಲಿ ಗುರುತಿಸಿದ ಪಿಎಚ್‌ಬಿ, ಇಂಗಾಲ ಹೇರಳವಾಗಿದ್ದು ಸಾರಜನಕ ಅಥವಾ ರಂಜಕದ ಕೊರತೆಯಾದಾಗ ಹೆಚ್ಚಾಗಿ ಶೇಖರಗೊಳ್ಳುತ್ತದೆ. ಆದ್ದರಿಂದ ಗೊಬ್ಬರ ಹಾಕಿದ ಗಿಡದ ಬುಡಕ್ಕಿಂತ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದಿಂದ ಹರಿದ ಸಕ್ಕರೆಯುಕ್ತ ನೀರು ಇಂಗುವ ಜಾಗ ಮತ್ತು ಹಣ್ಣಿನ ಸಿಪ್ಪೆ ಗುಂಡಿಯ ಅಂಚನ್ನು ಮೊದಲು ಆರಿಸಿಕೊಳ್ಳುವುದು ಒಳಿತು. ಬ್ಯಾಸಿಲಸ್ ಮಾತ್ರ ಬೇಕಿದ್ದರೆ ಮಣ್ಣು ಕಲಸಿದ ನೀರನ್ನು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ನಿಮಿಷ ಇಟ್ಟರೆ ಅದರ ಶಾಖ ತಡೆಯುವ ಬೀಜಾಣುಗಳು ಬದುಕುಳಿದು, ಬೇರೆ ಬ್ಯಾಕ್ಟೀರಿಯಾಗಳು ಬಹುಪಾಲು ಸಾಯುತ್ತವೆ. ಬೇರುಗಂಟಿನ ತಳಿಗಳಿಗೆ ಈ ಉಪಾಯ ಸಲ್ಲದು.

ಬ್ಯಾಕ್ಟೀರಿಯಾ ಬೆಳೆಸುವ ಮಾಧ್ಯಮದಲ್ಲಿಯೂ ಅದೇ ಕೊರತೆಯನ್ನು ನೀವೇ ಸೃಷ್ಟಿಸಬೇಕು. ಖನಿಜ ಲವಣಗಳ ದ್ರಾವಣಕ್ಕೆ ಲೀಟರಿಗೆ 20 ಗ್ರಾಂ ಗ್ಲೂಕೋಸ್ ಮತ್ತು 1 ಗ್ರಾಂ ಅಮೋನಿಯಂ ಸಲ್ಫೇಟ್ ಹಾಕಿದರೆ ಇಂಗಾಲ–ಸಾರಜನಕದ ಅನುಪಾತ ಸುಮಾರು 38ಕ್ಕೆ 1 ಆಗುತ್ತದೆ. ಪೌಷ್ಟಿಕ ಅಗಾರ್‌ನಲ್ಲಿ ಬೆಳೆಸಿ ಬಣ್ಣ ಹಾಕಿ, ಏನೂ ಸಿಗಲಿಲ್ಲವೆಂದು ಕೈಬಿಡುವ ವಿದ್ಯಾರ್ಥಿಗಳು ಬಹಳ. ಅಲ್ಲಿ ಸಾರಜನಕದ ಕೊರತೆ ಇರದೆ ಬ್ಯಾಕ್ಟೀರಿಯಾಕ್ಕೆ ಕೂಡಿಡುವ ಅಗತ್ಯವೇ ಬೀಳುವುದಿಲ್ಲ. ತಡಮಾಡಿದರೂ ತೊಂದರೆಯೇ: ಗ್ಲೂಕೋಸ್ ಮುಗಿದ ಮೇಲೆ ಅದು ತನ್ನ ದಾಸ್ತಾನನ್ನೇ ಕರಗಿಸಿ ತಿನ್ನುತ್ತದೆ. ಹಾಗಾಗಿ ಒಂದೇ ಕಾಲನಿಯನ್ನು 24, 48 ಮತ್ತು 72 ಗಂಟೆಗಳಲ್ಲಿ ಪರೀಕ್ಷಿಸಿ.

ಗಾಜಿನ ಮೇಲೆ ತೆಳುವಾಗಿ ಸವರಿ, ಶಾಖದಿಂದ ಸ್ಥಿರಗೊಳಿಸಿ, ಸುಡಾನ್ ಬ್ಲ್ಯಾಕ್ ಬಿ ಎಂಬ ಕಪ್ಪು ಬಣ್ಣ ಹಾಕಿ, ಕ್ಸೈಲೀನ್‌ನಿಂದ ತೊಳೆದು, ಸಫ್ರಾನಿನ್ ಎಂಬ ಕೆಂಪು ಬಣ್ಣ ಲೇಪಿಸಿ. ಎಣ್ಣೆ ಮಸೂರದಡಿ ಗುಲಾಬಿ ಕೋಶಗಳೊಳಗೆ ನೀಲಿಗಪ್ಪು ಚುಕ್ಕೆಗಳು ಕಂಡರೆ ಆ ತಳಿಯನ್ನು ಮುಂದಕ್ಕೆ ಒಯ್ಯಬಹುದು. ಬಣ್ಣ ಹಿಡಿಯದೆ ಹೊಳೆಯುವ ಬಿಂದುಗಳು ಬ್ಯಾಸಿಲಸ್‌ನ ಬೀಜಾಣುಗಳಾಗಿರಬಹುದು, ಅವನ್ನು ಎಣಿಕೆಗೆ ಸೇರಿಸಬೇಡಿ.

ಸುಡಾನ್ ಬ್ಲ್ಯಾಕ್ ಕೋಶದ ಕೊಬ್ಬನ್ನೂ ಹಿಡಿಯುವುದರಿಂದ ಇದು ಸುಳಿವೇ ಹೊರತು ಪುರಾವೆಯಲ್ಲ. ಕೋಶಗಳನ್ನು ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ ಜೀರ್ಣಿಸಿ, ಉಳಿದ ಪಾಲಿಮರನ್ನು ಬಿಸಿ ಕ್ಲೋರೋಫಾರ್ಮಿನಲ್ಲಿ ಕರಗಿಸಿ, ಕ್ಲೋರೋಫಾರ್ಮನ್ನು ಆವಿಯಾಗಿಸಿದ ಮೇಲೆ ಸಾಂದ್ರ ಸಲ್ಫ್ಯೂರಿಕ್ ಆಮ್ಲದೊಂದಿಗೆ ಕಾಯಿಸಿದರೆ ಪಿಎಚ್‌ಬಿ ಕ್ರೋಟೋನಿಕ್ ಆಮ್ಲವಾಗಿ ಮಾರ್ಪಟ್ಟು 235 ನ್ಯಾನೋಮೀಟರ್‌ನಲ್ಲಿ ಬೆಳಕನ್ನು ಹೀರುತ್ತದೆ. ಈ ಹಂತವನ್ನು ಕಾಲೇಜಿನ ಹೊಗೆಗೂಡಿನಲ್ಲಿ (ಫ್ಯೂಮ್ ಹುಡ್), ಮಾರ್ಗದರ್ಶಕರ ಎದುರಿನಲ್ಲೇ ಮಾಡಿ. ತೋಟದ ಮನೆಯಲ್ಲಿ ಖಂಡಿತ ಬೇಡ.

ಹಾಲುವಾಣದ ಲೋಳೆಗೆ ಪರೀಕ್ಷೆ ಬೇರೆಯೇ ಇದೆ. ದ್ರವ ಮಾಧ್ಯಮದಲ್ಲಿ ಬೆಳೆಸಿ, ಸೆಂಟ್ರಿಫ್ಯೂಜ್‌ನಲ್ಲಿ ಕೋಶಗಳನ್ನು ತೆಗೆದು, ಮೇಲೆ ಉಳಿದ ತಿಳಿ ದ್ರವಕ್ಕೆ ಅದರ ಎರಡರಿಂದ ಮೂರು ಪಟ್ಟು ತಣ್ಣನೆಯ ಎಥನಾಲ್ ಸುರಿದರೆ ಪಾಲಿಸ್ಯಾಕರೈಡ್ ಬಿಳಿ ನಾರಿನಂತೆ ಬೇರ್ಪಡುತ್ತದೆ. ಅದನ್ನು ಒಣಗಿಸಿ ತೂಗಿ, ಪಿಎಚ್‌ಬಿ ಲೆಕ್ಕದಿಂದ ಪ್ರತ್ಯೇಕವಾಗಿ ಬರೆದಿಡಿ.