ಪ್ರತಿಕ್ರಿಯೆ: ಕೆನಡಾ ಪೌರತ್ವ, ಓಸಿಐ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ) ಕಾರ್ಡ್ ಇದೆ, ಉಡುಪಿ ಜಿಲ್ಲೆಯ ಕಾಪು ಮತದಾರರ ಪಟ್ಟಿಯಲ್ಲಿ ಹೆಸರೂ ಇದೆ. ಮತ ಹಾಕಬಹುದೇ? ಇನ್ನೂ ಭಾರತದ ಪಾಸ್‌ಪೋರ್ಟ್ ಇರುವ ಪತ್ನಿ ಹಾಕಬಹುದೇ?

ಹಾಕುವಂತಿಲ್ಲ. ಹೆಸರು ಉಳಿದಿರುವುದು ಯಾರೂ ತೆಗೆಸದ ಕಾರಣಕ್ಕೆ, ಹಕ್ಕು ಇದೆ ಎಂದಲ್ಲ. ಕೆನಡಾ ಇಬ್ಬಗೆ ಪೌರತ್ವ ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಕಲಂ ಪ್ರಕಾರ ನೀವು ಸ್ವಇಚ್ಛೆಯಿಂದ ಆ ಪೌರತ್ವ ಪಡೆದ ಕ್ಷಣದಲ್ಲೇ ಇಲ್ಲಿಯದು ಹೋಯಿತು. ಓಸಿಐಗೆ 'ಸಾಗರೋತ್ತರ ನಾಗರಿಕ' ಎಂದು ಹೆಸರಿಟ್ಟದ್ದೇ ಈ ಗೊಂದಲದ ಮೂಲ. ನಿಜದಲ್ಲಿ ಅದು ಆಜೀವ ವೀಸಾ. ಮತವೂ ಇಲ್ಲ, ಚುನಾವಣೆಗೆ ನಿಲ್ಲುವುದೂ ಇಲ್ಲ.

ಮೊದಲು ಪಟ್ಟಿಯಿಂದ ಹೆಸರು ತೆಗೆಸುವ ಅರ್ಜಿ, ನಮೂನೆ 7 ತುಂಬಿ. ಕಾರಣದ ಜಾಗದಲ್ಲಿ 'ಭಾರತೀಯ ಪ್ರಜೆಯಲ್ಲ' ಎಂದೇ ಗುರುತಿಸಿ. 'ಸ್ಥಳಾಂತರ' ಎಂದು ಬರೆದು ಜಾರಿಕೊಳ್ಳಬೇಡಿ. ಚುನಾವಣಾ ಆಯೋಗದ ಪೋರ್ಟಲ್‌ನಲ್ಲಿ ಹಾಕಬಹುದು, ಇಲ್ಲವೇ ನಿಮ್ಮ ಬೂತ್‌ನ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೈಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಎಷ್ಟು ದಿನ ಹಿಡಿಯುತ್ತದೆ ಎಂದು ಖಚಿತವಾಗಿ ಹೇಳಲಾರೆ. ಅಷ್ಟರಲ್ಲಿ ಚುನಾವಣೆ ಬಂದರೆ ಬೂತಿಗೆ ಹೋಗಬೇಡಿ. ಪಟ್ಟಿಗಾಗಿ ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು.

ನಿಮ್ಮ ಪತ್ನಿಯದು ಬೇರೆ ಕಥೆ. ಅವರಲ್ಲಿ ಇನ್ನೂ ಭಾರತದ ಪಾಸ್‌ಪೋರ್ಟ್ ಮಾತ್ರ ಇರುವುದರಿಂದ ವಿದೇಶದಲ್ಲಿರುವ ಭಾರತೀಯ ಪ್ರಜೆಗಳು ಪಟ್ಟಿಗೆ ಸೇರುವ ಅರ್ಜಿ, ನಮೂನೆ 6ಎ ಹಾಕಲಿ. ಫೋಟೊ, ಪಾಸ್‌ಪೋರ್ಟ್‌ನ ವಿವರ ಮತ್ತು ವಿಳಾಸದ ಪುಟಗಳು, ವೀಸಾ ಪುಟ ಬೇಕು. ಪಾಸ್‌ಪೋರ್ಟ್‌ನಲ್ಲಿ ಕಟಪಾಡಿಯ ವಿಳಾಸವಿದ್ದರೆ ಕಾಪು ಕ್ಷೇತ್ರದಲ್ಲೇ ಸೇರುತ್ತಾರೆ. ಹಳೆಯ ಎಪಿಕ್ (ಮತದಾರರ ಗುರುತಿನ) ಕಾರ್ಡ್ ಇದ್ದರೆ ಮರಳಿಸಬೇಕು. ಹೊಸದು ಕೊಡುವುದಿಲ್ಲ, ಮತದಾನದ ದಿನ ಮೂಲ ಪಾಸ್‌ಪೋರ್ಟ್ ತೋರಿಸಿ ಖುದ್ದಾಗಿ ಹಾಕಬೇಕು.