ಫೇಲು ಮಾಡಿದರೆ ಓದು ಬಂದೀತೇ?

(ಪುಣೆಯ ಭೋಸರಿಯಲ್ಲಿ ಸಣ್ಣ ಕಾರ್ಖಾನೆ ನಡೆಸುವ ಓದುಗರೊಬ್ಬರ ಪತ್ರದ ಸಾರ: ಒಂಬತ್ತನೆಯವರೆಗೆ ಓದಿದೆವೆಂದು ಕೆಲಸ ಕೇಳಿ ಬರುವ ಹುಡುಗರಿಗೆ ಯಂತ್ರದ ಮೇಲಿನ ಸೂಚನೆ ಓದಲು ಬರುವುದಿಲ್ಲ. ಎಲ್ಲರನ್ನೂ ಪಾಸು ಮಾಡುವ ಶಿಕ್ಷಣ ಹಕ್ಕು ಕಾಯ್ದೆಯೇ ಇದಕ್ಕೆ ಕಾರಣ. ಮೊದಲಿನಂತೆ ಫೇಲು ಮಾಡಬೇಕು. ಕೊನೆಗೊಂದು ಪ್ರಶ್ನೆ: ಯಾದಗಿರಿ ಕಡೆಯಿಂದ ಬಂದ ತಮ್ಮ ಕಾವಲುಗಾರನ ಒಂಬತ್ತು ವರ್ಷದ ಮಗನನ್ನು ಟಿ.ಸಿ. ಇಲ್ಲವೆಂದು ಶಾಲೆಯವರು ಹಿಂದಕ್ಕೆ ಕಳುಹಿಸಿದ್ದಾರೆ, ಏನು ಮಾಡಬಹುದು?)

ಮಾನ್ಯರೇ,

ನಿಮ್ಮ ಅಸಮಾಧಾನ ನ್ಯಾಯವಾದದ್ದೇ. ಹಳ್ಳಿಗಾಡಿನ ಮಕ್ಕಳ ಓದನ್ನು ಮನೆಮನೆಗೆ ಹೋಗಿ ಅಳೆಯುವ ‘ಅಸರ್’ ಸಮೀಕ್ಷೆಯ 2024ರ ವರದಿಯಂತೆ, 6ರಿಂದ 14 ವರ್ಷದ ಮಕ್ಕಳಲ್ಲಿ ಶೇ. 98ರಷ್ಟು ಮಂದಿಯ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿದೆ. ಆದರೆ ಐದನೆಯ ತರಗತಿಯವರಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲವರು ಅರ್ಧಕ್ಕಿಂತ ಕಡಿಮೆ.

ನೀವು ಸೂಚಿಸಿದ ಮದ್ದನ್ನು ಮಾತ್ರ ಒಪ್ಪಲಾರೆ. ಅದು ಆಗಲೇ ಬಂದಾಗಿದೆ: ಯಾರನ್ನೂ ತಡೆಹಿಡಿಯಬಾರದೆಂಬ ನಿಯಮವನ್ನು ಸಂಸತ್ತು 2019ರಲ್ಲಿಯೇ ಸಡಿಲಿಸಿತು, ಮಹಾರಾಷ್ಟ್ರವೂ 2023ರಲ್ಲಿ ಐದು ಮತ್ತು ಎಂಟನೆಯ ತರಗತಿಗಳಿಗೆ ವಾರ್ಷಿಕ ಪರೀಕ್ಷೆಯನ್ನು ಮರಳಿ ತಂದಿತು. ಮುಖ್ಯವಾದ ಆಕ್ಷೇಪ ಬೇರೆಯೇ ಇದೆ. ಮಗು ಹಿಂದೆ ಬೀಳುವುದು ಮೊದಲ ಮೂರು ತರಗತಿಗಳಲ್ಲಿ. ಐದನೆಯ ತರಗತಿಯ ಪರೀಕ್ಷೆ ಅದನ್ನು ತಡವಾಗಿ ಘೋಷಿಸುತ್ತದೆ, ಅಷ್ಟೆ.

ಈಚೆಗೆ ಮುಂಬಯಿಯ ಶಾಲೆಯೊಂದರ ನಾಲ್ಕನೆಯ ತರಗತಿಯಲ್ಲಿ ಕಲಬುರಗಿ ಕಡೆಯ ಹುಡುಗಿಯೊಬ್ಬಳ ನೋಟುಬುಕ್ಕನ್ನು ತಿರುವಿ ನೋಡಿದೆ. ಹಲಗೆಯ ಮೇಲಿನ ಮರಾಠಿ ಪಾಠವನ್ನು ಒಂದಕ್ಷರ ತಪ್ಪದೆ, ಮುತ್ತು ಪೋಣಿಸಿದಂತೆ ಇಳಿಸಿಕೊಂಡಿದ್ದಳು. ಪುಟಪುಟಕ್ಕೂ ಕೆಂಪು ಶಾಯಿಯ ಸಹಿ ಬಿದ್ದಿತ್ತು. ಅದರಲ್ಲಿ ಯಾವುದಾದರೂ ಒಂದು ಸಾಲು ಓದಮ್ಮಾ ಎಂದರೆ ಪಕ್ಕದವಳ ಮುಖ ನೋಡಿದಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಎರಡರ ನಡುವೆ ದಾಟಿಸುವವರು ಯಾರೂ ಇಲ್ಲ. ಅವಳನ್ನು ಐದನೆಯ ತರಗತಿಯಲ್ಲಿ ಫೇಲು ಮಾಡಿದರೆ ಅದೇ ಪಾಠಗಳನ್ನು ಇನ್ನೊಂದು ವರ್ಷ ನಕಲು ಮಾಡಿಯಾಳು. ಅವಳಿಗೆ ಬೇಕಾದ ಒಂದನೆಯ ತರಗತಿಯ ಓದು ಆಗಲೂ ಸಿಗದು.

ಹಾಗಾದರೆ ದಾರಿ ಯಾವುದು? 1995ರ ಸುಮಾರಿಗೆ ಇದೇ ಮುಂಬಯಿಯ ಕೊಳೆಗೇರಿಗಳಲ್ಲಿ ಕೆಲಸ ಆರಂಭಿಸಿದ, ಮುಂದೆ ಅಸರ್ ಸಮೀಕ್ಷೆಯನ್ನೂ ಹುಟ್ಟುಹಾಕಿದ ‘ಪ್ರಥಮ್’ ಸಂಸ್ಥೆ ಅನುಸರಿಸಿದ ಕ್ರಮ ಸರಳವಾದದ್ದು: ಮೂರರಿಂದ ಐದನೆಯ ತರಗತಿಯ ಮಕ್ಕಳನ್ನು ದಿನದ ಸ್ವಲ್ಪ ಹೊತ್ತು ವಯಸ್ಸಿನ ಲೆಕ್ಕ ಬಿಟ್ಟು, ಅಕ್ಷರ ಬಲ್ಲವರು, ಪದ ಬಲ್ಲವರು, ವಾಕ್ಯ ಬಲ್ಲವರು ಎಂದು ಗುಂಪು ಮಾಡಿ ಕಲಿಸುವುದು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ನಮ್ಮ ಹಿರಿಯರಿಗೆ ಇದೇನೂ ಹೊಸದೆನಿಸದು. ಕಷ್ಟವಿರುವುದು ಕೈಗಳ ಕೊರತೆಯಲ್ಲಿ. ಒಬ್ಬರೇ ಶಿಕ್ಷಕರಿರುವ ಶಾಲೆಗಳು ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚಿವೆ. ಆ ಒಬ್ಬರೇ ಬಿಸಿಯೂಟದ ಲೆಕ್ಕವನ್ನೂ ಬರೆಯಬೇಕು. ರಾಷ್ಟ್ರೀಯ ಆದಾಯದ ಶೇ. 6ರಷ್ಟನ್ನು ಶಿಕ್ಷಣಕ್ಕೆ ತೆಗೆದಿಡಿ ಎಂದು 1966ರಲ್ಲಿ ಕೊಠಾರಿ ಆಯೋಗ ಹೇಳಿದ್ದನ್ನೇ 2020ರ ಶಿಕ್ಷಣ ನೀತಿಯೂ ಹೇಳಿದೆ. ಇನ್ನೊಂದು ನೀತಿಯೂ ಬಹುಶಃ ಅದನ್ನೇ ಹೇಳೀತು.

ಇನ್ನು ನಿಮ್ಮ ಕಾವಲುಗಾರನ ಮಗನ ವಿಷಯ. ನೀವು ದೂರುವ ಕಾಯ್ದೆಯೇ ಇಲ್ಲಿ ಅವನ ಬೆನ್ನಿಗಿದೆ. ಟಿ.ಸಿ. ಬರುವುದು ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು ಅದರ 5ನೆಯ ಕಲಮು ಹೇಳುತ್ತದೆ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಶಾಲೆ ತಪ್ಪಿದ್ದ ಮಗುವಿಗೆ ವಿಶೇಷ ತರಬೇತಿ ಕೊಡಬೇಕೆಂದು 4ನೆಯ ಕಲಮು. ವಲಸೆ ಬಂದವರ ಮಕ್ಕಳಿಗೆ ಪ್ರವೇಶ ಕೊಡಿಸುವ ಹೊಣೆ ಸ್ಥಳೀಯ ಸಂಸ್ಥೆಯದೆಂದು 9ನೆಯ ಕಲಮು. ಬಾಯಿಮಾತು ಬೇಡ, ಈ ಮೂರನ್ನೂ ನಮೂದಿಸಿ ಮಹಾನಗರಪಾಲಿಕೆಯ ಶಿಕ್ಷಣ ವಿಭಾಗಕ್ಕೆ ಲಿಖಿತ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಅರ್ಜಿಯಲ್ಲಿ ವಿಶೇಷ ತರಬೇತಿಯ ಬೇಡಿಕೆಯನ್ನು ಬಿಡಬೇಡಿ, ಬರಿಯ ಪ್ರವೇಶವನ್ನಷ್ಟೇ ಕೇಳಿದರೆ ಸಿಗುವುದೂ ಅಷ್ಟೇ.

— ಸಂಪಾದಕ